ಎರಡು ಹಾಸಿಗೆಯ ಕೋಣೆ

"ಇಲ್ಲ ಲಲ್ಲಾ, ಹೆತ್ತ ತಾಯಿ ಆಣೆ. ಇಂಥವರನ್ನ ನಾನು ನೋಡೇ ಇಲ್ಲ."

ಫೋಟೋವನ್ನು ಹಿಂದಕ್ಕೆ ಕೊಟ್ಟು ಆ ಮನುಷ್ಯ ಮತ್ತೆ ಬೀಗದ ಕೈ ಗೊಂಚಲನ್ನು ಕುಲುಕತೊಡಗಿದ. ಮರಕೇಶದಿಂದ ಬಂದ ಬಸ್ಸು ಆಗಷ್ಟೇ ನಿಂತಿತ್ತು. ಬಾಗಿಲು ತೆರೆಯುವ ಮೊದಲೇ ಇಪ್ಪತ್ತು ಗೊಂಚಲುಗಳು ಒಟ್ಟಿಗೇ ಝಣಝಣ ಎಂದವು.

"ರೂಮು, ರೂಮು! ಸಮುದ್ರ ಕಾಣತ್ತೆ!"

"ಬಿಸಿನೀರಿದೆ ಸ್ವಾಮಿ, ಬನ್ನಿ!"

"ನಮ್ಮದು ಚೌಕದ ಪಕ್ಕಾನೇ! ಹಾಸಿಗೇಲಿ ಮಲಗೇ ಹಾಡು ಕೇಳಬಹುದು!"

"ಹಾಗಾದ್ರೆ ನಿದ್ದೆ ಮಾಡೋಕೆ ಎಲ್ಲಿಗೆ ಹೋಗಬೇಕಪ್ಪಾ?" ಎಂದು ಬಸ್ಸಿನೊಳಗಿನಿಂದ ಯಾರೋ ಕೇಳಿದರು. ಜನ ನಕ್ಕರು.

ಊರವರೆಲ್ಲ ಗೌರವದಿಂದ 'ಲಲ್ಲಾ' ಎನ್ನುತ್ತಿದ್ದ ಇನ್ಸ್‌ಪೆಕ್ಟರ್ ಇಜ್ಜಾ ನಗಲಿಲ್ಲ. ಅವಳ ಪಕ್ಕದಲ್ಲಿ ನಿಂತಿದ್ದ ಬತೂಲಳಿಗಂತೂ ಆ ನಗು ಕಿವಿಗೂ ಬಿದ್ದಿರಲಿಲ್ಲ. ಗ್ನಾವಾ ಸಂಗೀತದ ಹಬ್ಬಕ್ಕೆಂದು ಗುರುವಾರ ಇದೇ ನಿಲ್ದಾಣದಲ್ಲಿ ಬಸ್ಸಿಳಿದ ಅವಳ ತಂದೆ ಅಬ್ದೆನ್ನಬಿಯವರ ಸುದ್ದಿ ನಿನ್ನೆ ಸಂಜೆಯಿಂದ ಇರಲಿಲ್ಲ, ಫೋನೂ ಹತ್ತುತ್ತಿರಲಿಲ್ಲ.

ಇವತ್ತು ಶನಿವಾರ, ಹಬ್ಬದ ಕೊನೆಯ ದಿನ. ನಾಳೆ ಬೆಳಗ್ಗೆ ಈ ಊರಿಗೆ ಬಂದ ಲಕ್ಷ ಜನ ಸಿಕ್ಕಿದ ಬಸ್ಸು ಹತ್ತಿ ಹೊರಟುಹೋಗುತ್ತಾರೆ. ಕಂಡವರು, ಕೇಳಿದವರು, ಎಲ್ಲರೂ ಅವರ ಜೊತೆಗೇ ಹೋಗುತ್ತಾರೆ.

"ಅಪ್ಪನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು," ಬತೂಲ್ ಮತ್ತೆ ಅದನ್ನೇ ಹೇಳಿದಳು. ಖುರೀಬ್ಗಾದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವಳು. ಪ್ರಾಥಮಿಕ ಶಾಲೆಯ ಟೀಚರು. ಬಟ್ಟೆಯ ಮೇಲೆ ಇನ್ನೂ ಸೀಮೆಸುಣ್ಣದ ಪುಡಿಯಿತ್ತು. "ಜೊತೆಗೇ ತಂದಿದಾರೆ, ಹಸಿರು ಚೀಲದಲ್ಲಿ. ಆ ಚೀಲ ನಾನೇ ಹೊಲಿದಿದ್ದು. ಅದು ಅವರ ಹತ್ರ ಇದ್ರೆ ನನಗೆ ಭಯ ಇಲ್ಲ. ಇದೆ ಅಲ್ವಾ ಖಾಲ್ತಿ?"

ಬೆಳಗ್ಗೆ 'ಮೇಡಂ' ಎನ್ನುತ್ತಿದ್ದವಳು ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮನ ಹಾಗೆ 'ಖಾಲ್ತಿ' ಎನ್ನತೊಡಗಿದ್ದಳು. ಇಜ್ಜಾ ಅದನ್ನು ತಿದ್ದಲು ಹೋಗಲಿಲ್ಲ.

"ನೋಡು ಮಗಳೇ," ಎಂದಳು. "ಹಬ್ಬಕ್ಕೆ ಬಂದವನು ಎಲ್ಲಾದ್ರೂ ಮಲಗಲೇಬೇಕು. ಏನಾದ್ರೂ ತಿನ್ನಲೇಬೇಕು. ಹೇಗಾದ್ರೂ ಓಡಾಡಲೇಬೇಕು. ಈ ಊರಲ್ಲಿ ಇದನ್ನೆಲ್ಲ ಯಾರ ಕಣ್ಣಿಗೂ ಬೀಳದೆ ಮಾಡೋಕೆ ಆಗಲ್ಲ. ಮೂವತ್ತು ವರ್ಷದಿಂದ ನೋಡ್ತಿದೀನಿ."

ಹೇಳುತ್ತಲೇ ಅವಳ ಕಣ್ಣು ಬೀಗದ ಕೈಯವರ ಸಾಲನ್ನು ಇನ್ನೊಮ್ಮೆ ಎಣಿಸಿತು. ಹೋಟೆಲುಗಳೆಲ್ಲ ಎರಡು ತಿಂಗಳ ಹಿಂದೆಯೇ ತುಂಬಿದ್ದವು. ಈಗ ಬರುವವರಿಗೆಲ್ಲ ಇವರೇ ಗತಿ. ಮನೆಯ ಒಂದು ಕೋಣೆ, ಮಾಳಿಗೆಯ ಒಂದು ಮೂಲೆ, ಮಕ್ಕಳನ್ನು ಎಬ್ಬಿಸಿ ಖಾಲಿ ಮಾಡಿಸಿದ ಒಂದು ಮಂಚ. ವರ್ಷದಲ್ಲಿ ಈ ಮೂರು ದಿನ ಯಾರೂ ಮನೆಯಲ್ಲಿ ಕೂರುವುದಿಲ್ಲ.

ಒಬ್ಬಳು ಮಾತ್ರ ಇರಲಿಲ್ಲ. ಪ್ರತಿ ವರ್ಷ ಮೊದಲ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ ಮಹ್ಜೂಬಾ.

ಇಜ್ಜಾ ಕೋಟೆ ಬಾಗಿಲಿನತ್ತ ನಡೆದಳು. ಅಲ್ಲಿಂದ ಒಳಗೆ ಮೋಟಾರು ಗಾಡಿ ಹೋಗುವಂತಿಲ್ಲ. ನೀಲಿ ಟ್ಯಾಕ್ಸಿಗಳು ಹೊರಗೇ ಜನರನ್ನು ಇಳಿಸುತ್ತವೆ, ಒಳಗೆ ಸಾಮಾನಿಗೆ ತಳ್ಳುಗಾಡಿಯೇ. ಗಾಡಿಗಳ ಸಾಲಿನಲ್ಲಿ ಬೂಜ್ಮಾ ತನ್ನ ಗಾಡಿಯ ಮೇಲೆಯೇ ಕಾಲು ಚಾಚಿ ಕೂತು ಬ್ರೆಡ್ಡಿಗೆ ಅಮ್ಲೂ ಹಚ್ಚಿಕೊಂಡು ತಿನ್ನುತ್ತಿದ್ದ. ಬಾದಾಮಿಯ ಆ ಗಟ್ಟಿ ಗೊಜ್ಜು ಅವನ ಮೀಸೆಗೂ ಅಂಟಿತ್ತು.

"ಬೂಜ್ಮಾ, ಮೀಸೆಗೂ ಊಟ ಆಯ್ತಾ?"

"ಬನ್ನಿ ಲಲ್ಲಾ ಇಜ್ಜಾ. ಹಬ್ಬ ಅಲ್ವಾ, ಮೀಸೇನ ಬಿಟ್ಟು ತಿನ್ನೋಕಾಗತ್ತಾ?" ಎನ್ನುತ್ತಾ ಅವನು ಕೆಳಗಿಳಿದ.

ಫೋಟೋ ನೋಡಿದ ಕೂಡಲೇ ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಬರೀ ಒಂದು ಕ್ಷಣ. ಇಜ್ಜಾಳಿಗೆ ಅಷ್ಟು ಸಾಕಾಗಿತ್ತು.

"ಗುರುವಾರ. ನಿನ್ನ ಗಾಡಿ. ಹೇಳು."

"ಯಾರಿಗಾದ್ರೂ ತೊಂದ್ರೆ ಆಗತ್ತಾ?"

ಇಜ್ಜಾ ಉತ್ತರ ಕೊಡುವ ಮೊದಲೇ ಬತೂಲ್ ಅವನೆದುರು ಬಂದು ನಿಂತಳು. "ಅಣ್ಣಾ, ಅವರು ನಮ್ಮಪ್ಪ."

ಬೂಜ್ಮಾ ಅವಳ ಮುಖ ನೋಡಿದ. ತಲೆ ಕೆರೆದುಕೊಂಡ. "ದೊಡ್ಡ ಕಂದು ಪೆಟ್ಟಿಗೆ ಇತ್ತು," ಎಂದ. "ಹಗ್ಗ ಕಟ್ಟಿತ್ತು. ಎತ್ತುವಾಗ ಸೊಂಟ ಗಟ್ಟಿ ಮಾಡ್ಕೊಂಡು ಎತ್ತಿದೆ ನೋಡಿ, ಹಿಂದಕ್ಕೆ ಬೀಳೋನು! ಒಳಗೆ ಏನೂ ಇಲ್ಲ. ಖಾಲಿ. ಇಪ್ಪತ್ತು ವರ್ಷದಿಂದ ಪೆಟ್ಟಿಗೆ ಹೊರ್ತಿದೀನಿ ಲಲ್ಲಾ, ಹಬ್ಬಕ್ಕೆ ಖಾಲಿ ಪೆಟ್ಟಿಗೆ ತಂದವರನ್ನ ನೋಡಿದ್ದು ಇದೇ ಮೊದಲು."

"ಎಲ್ಲಿಗೆ ಹೊತ್ತೆ?"

"ಶ್ಬಾನಾತ್ ಕೇರಿ." ಅವನ ದನಿ ಇಳಿಯಿತು. "ಮುಂದೆ ನಡೀತಿದ್ದವಳು ಮಹ್ಜೂಬಾ."

*

ನೇರ ಅಲ್ಲಿಗೇ ಹೋಗಬಹುದಿತ್ತು. ಆದರೆ ಬರಿಗೈಯಲ್ಲಿ ಹೋಗಿ ಬಾಗಿಲು ತಟ್ಟಿದರೆ ಮಹ್ಜೂಬಾಳೂ 'ನೋಡಿಲ್ಲ' ಎನ್ನುತ್ತಾಳೆ ಎಂಬುದು ಇಜ್ಜಾಳಿಗೆ ಗೊತ್ತಿತ್ತು. ಗುರುವಾರ ರಾತ್ರಿ ಅಬ್ದೆನ್ನಬಿ ಮಗಳಿಗೆ ಫೋನು ಮಾಡಿ, ಬಂದರಿನ ಪಕ್ಕ ಬೂತಾಯಿ ಸುಡಿಸಿಕೊಂಡು ತಿಂದೆ ಎಂದಿದ್ದರು. ಬಂದರು ದಾರಿಯಲ್ಲೇ ಇತ್ತು.

ಚೌಕದಲ್ಲಿ ನಡೆಯಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಮಧ್ಯಾಹ್ನದ ತಂಡ ಕಬ್ಬಿಣದ ತಾಳಗಳನ್ನು ಸರಿಮಾಡಿಕೊಳ್ಳುತ್ತಿತ್ತು. ಗಾಳಿ ಎಂದಿನಂತೆ ಮರಳು ತಂದು ಹಲ್ಲಿನ ನಡುವೆ ಹಾಕುತ್ತಿತ್ತು. ಬತೂಲ್ ವಯಸ್ಸಾದ ಪ್ರತಿ ಗಂಡಸಿನ ಬೆನ್ನನ್ನೂ ತಿರುಗಿ ತಿರುಗಿ ನೋಡುತ್ತಿದ್ದಳು.

ಮೀನು ಸುಡುವ ಅಯ್ಯಾದ್ ಕೆಂಡಕ್ಕೆ ಬೀಸಣಿಗೆ ಹಾಕುತ್ತಲೇ ಫೋಟೋ ನೋಡಿದ.

"ಇವರಾ! ಇವರನ್ನ ಮರೆಯೋಕಾಗತ್ತಾ? ಎರಡು ಪಾಲು ಕಟ್ಟಿಕೊಡು ಅಂದ್ರು. ಒಂದರಲ್ಲಿ ಮುಳ್ಳು ತೆಗೆದುಕೊಡು ಅಂದ್ರು. ಬೂತಾಯಿಗೆ ಮುಳ್ಳು ತೆಗೆಯೋದಾ ಯಜಮಾನ್ರೇ, ನಾಳೆ ಬೆಳಗಾಗತ್ತೆ ಅಂದೆ. 'ನಾನೇ ತೆಗೀತೀನಿ ಬಿಡು' ಅಂತ ಆ ಕಲ್ಲಿನ ಮೇಲೆ ಕೂತ್ಕೊಂಡ್ರು. ಒಂದೊಂದೇ ಮುಳ್ಳು. ಮೀನು ಆರಿಹೋಗ್ತಿದೆ ಅಂದ್ರೂ ಕೇಳ್ಲಿಲ್ಲ."

"ಯಾರಿಗೆ ಅಂತ ಕೇಳಲಿಲ್ವಾ?"

"ಕೇಳ್ದೆ. ಮೊಮ್ಮಗೂಗಾ ಅಂದೆ. ನಕ್ಕರು. 'ನಿನಗಿಂತ, ನನಗಿಂತ ದೊಡ್ಡೋರಿಗೆ' ಅಂದ್ರು." ಅಯ್ಯಾದ್ ಬೀಸಣಿಗೆ ನಿಲ್ಲಿಸಿದ. "ಕಣ್ಣಲ್ಲಿ ನೀರಿತ್ತು ಲಲ್ಲಾ. ಹೊಗೆಗೆ ಬಂತೇನೋ ಅಂದ್ಕೊಂಡೆ."

ಬತೂಲ್ ಇಜ್ಜಾಳ ತೋಳು ಹಿಡಿದಳು. "ಅಪ್ಪನಿಗಿಂತ ದೊಡ್ಡವರು ಅಂದ್ರೆ ಯಾರು? ನಮಗೆ ಯಾರೂ ಇಲ್ಲ ಖಾಲ್ತಿ. ಅಪ್ಪ ಅನಾಥಾಲಯದಲ್ಲಿ ಬೆಳೆದವರು. ಯಾರ ಮಗ ಅಂತ ಅವರಿಗೇ ಗೊತ್ತಿಲ್ಲ. ಅಮ್ಮನೂ ಹೋಗಿ ಆರು ವರ್ಷ ಆಯ್ತು."

ಇಜ್ಜಾ ಕೇರಿಯತ್ತ ಹೆಜ್ಜೆ ಹಾಕಿದಳು. ಖಾಲಿ ಪೆಟ್ಟಿಗೆ, ಮುಳ್ಳಿಲ್ಲದ ಮೀನು. ಏನನ್ನೋ ತುಂಬಿಕೊಂಡು ಹೋಗಲು ಬಂದ ಮನುಷ್ಯ. ಹಲ್ಲಿಲ್ಲದ ಯಾರನ್ನೋ ಊಟಕ್ಕೆ ಕರೆದ ಮನುಷ್ಯ.

*

ಮಹ್ಜೂಬಾ ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಳು.

"ಸಲಾಮ್ ಲಲ್ಲಾ ಇಜ್ಜಾ. ಯಜಮಾನ್ರಿಗೆ ಹುಷಾರಿಲ್ಲ, ಅದಕ್ಕೇ ನಿಲ್ದಾಣಕ್ಕೆ ಬರಲಿಲ್ಲ."

"ನಾನಿನ್ನೂ ಏನೂ ಕೇಳಲೇ ಇಲ್ಲವಲ್ಲ."

ಬಾಗಿಲು ಇನ್ನೊಂದು ಗೇಣು ತೆರೆಯಿತು. ಒಳಗೆ ಗೋಡೆಬದಿಯ ಹಾಸಿಗೆಯಲ್ಲಿ ಅವಳ ಗಂಡ ಮಲಗಿದ್ದ. ದೋಣಿಯಿಂದ ಬಿದ್ದು ಬೆನ್ನು ಮುರಿದುಕೊಂಡು ನಾಲ್ಕು ವರ್ಷವಾಗಿತ್ತು. ಅವನು ಕಣ್ಣಿನಲ್ಲೇ ಬನ್ನಿ ಎಂದ.

"ಖುರೀಬ್ಗಾದವರು. ಅರವತ್ತು ವರ್ಷ. ಕಂದು ಪೆಟ್ಟಿಗೆ."

"ಇಲ್ಲ ಲಲ್ಲಾ. ಈ ವರ್ಷ ನಾನು ಯಾರನ್ನೂ ಇಟ್ಟುಕೊಂಡಿಲ್ಲ. ಪರವಾನಗಿ ಕಾಗದ ಇನ್ನೂ ಬಂದಿಲ್ಲ. ಕಾಗದ ಇಲ್ಲದೆ ಹೇಗೆ ಇಟ್ಕೊಳ್ಳಲಿ?"

"ಬೂಜ್ಮಾ ಬೇರೆ ಥರ ಹೇಳಿದ."

"ಅವನಿಗೆ ಹಬ್ಬದ ಗದ್ದಲದಲ್ಲಿ ಕಣ್ಣು ಸರಿಯಾಗಿ ಕಾಣ್ಸಲ್ಲ."

ಇಜ್ಜಾ ಕೂರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ಸಣ್ಣ ಫ್ರಿಜ್ಜಿನತ್ತ ನೋಡಿದಳು. ಅದರ ಬಾಗಿಲಿನ ಸಂದಿಯಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆಯಾಗಿತ್ತು.

"ಬಿಸಿಲಲ್ಲಿ ಬಂದೆವು. ತಣ್ಣೀರು ಇದ್ಯಾ?"

"ಇರಿ, ನಾನೇ..."

ಮಹ್ಜೂಬಾ ತಿರುಗುವಷ್ಟರಲ್ಲಿ ಇಜ್ಜಾ ಫ್ರಿಜ್ಜಿನ ಬಾಗಿಲು ಎಳೆದಾಗಿತ್ತು. ನಡುವಿನ ಹಲಗೆಯ ಮೇಲೆ ಅಗಲ ಬಟ್ಟಲು. ಬಟ್ಟಲಿನಲ್ಲಿ ಮೀನಿನ ಮಾರುಕಟ್ಟೆಯ ಐಸು, ಅರ್ಧ ಕರಗಿದ್ದು. ಐಸಿನ ನಡುವೆ ಪ್ಲಾಸ್ಟಿಕ್ ಸುತ್ತಿದ ಹಸಿರು ಬಟ್ಟೆ ಚೀಲ.

ಬತೂಲ್ ಕಿರುಚಲಿಲ್ಲ. ಚೀಲವನ್ನು ಎತ್ತಿಕೊಂಡು, ಬಿಚ್ಚಿ, ಒಳಗಿನ ಸೀಸೆಗಳನ್ನು ನೋಡಿ, ಹಾಗೇ ನೆಲದ ಮೇಲೆ ಕೂತಳು.

"ಎಲ್ಲ ಇಲ್ಲೇ ಇದೆ," ಎಂದಳು. "ಒಂದೂ ತಗೊಂಡು ಹೋಗಿಲ್ಲ."

"ಹೇಳು ಮಹ್ಜೂಬಾ," ಇಜ್ಜಾಳ ದನಿ ಏರಲಿಲ್ಲ. "ಆ ಮನುಷ್ಯ ಎಲ್ಲಿ? ಏನು ಮಾಡಿದೆ ಅವನನ್ನ?"

"ನಾನಾ?" ಮಹ್ಜೂಬಾ ಎದೆ ಮುಟ್ಟಿಕೊಂಡಳು. "ಏನಾದ್ರೂ ಮಾಡೋ ಹಾಗಿದ್ರೆ ಆ ಔಷಧಿಗೆ ಐಸ್ ಯಾಕೆ ಹಾಕ್ತಿದ್ದೆ ಲಲ್ಲಾ? ನಿನ್ನೆ ಕರೆಂಟ್ ಹೋಯ್ತು. ಕೆಟ್ಟುಹೋಗತ್ತೆ ಅಂತ ಬಂದರಿಗೆ ಓಡಿ ಐಸ್ ತಂದೆ. ಎರಡು ಸಲ. ಬರ್ತಾರೆ, ಬಂದು ಕೇಳ್ತಾರೆ ಅಂತ ಕಾಯ್ತಾ ಕೂತೆ. ನಿಲ್ದಾಣಕ್ಕೆ ಬರದೇ ಇದ್ದದ್ದು ಅದಕ್ಕೇ."

"ಪೊಲೀಸಿಗೆ ಯಾಕೆ ಹೇಳಲಿಲ್ಲ?"

"ನಿಮಗೆ ಹೇಳಿದ್ರೆ ಕೋಣೆಗೆ ಬೀಗ ಹಾಕ್ತೀರಿ. ನನಗೆ ಇರೋದು ಆ ಒಂದು ಕೋಣೆ."

"ಅವಳನ್ನ ಬಯ್ಯಬೇಡಿ," ಹಾಸಿಗೆಯಿಂದ ಗಂಡ ಮೆಲ್ಲಗೆ ಹೇಳಿದ. "ಹೇಳಬೇಡ ಅಂದವನು ನಾನು."

ಹೊರಗೆ ಚೌಕದಲ್ಲಿ ತಾಳಗಳು ಶುರುವಾದವು. ಆ ಸದ್ದು ಗೋಡೆಯನ್ನು ದಾಟಿ ಕೋಣೆಗೆ ಬಂತು. ಬತೂಲ್ ಎದ್ದು ಮಹ್ಜೂಬಾಳ ಬಳಿ ಹೋದಳು. ಹೊಡೆಯುತ್ತಾಳೇನೋ ಎಂದು ಇಜ್ಜಾ ಒಂದು ಹೆಜ್ಜೆ ಮುಂದಿಟ್ಟಳು. ಬತೂಲ್ ಐಸಿನಿಂದ ಕೆಂಪಾಗಿದ್ದ ಆ ಹೆಂಗಸಿನ ಎರಡೂ ಕೈಗಳನ್ನು ಹಿಡಿದುಕೊಂಡಳು, ಅಷ್ಟೇ.

ಮಹ್ಜೂಬಾ ಅಳತೊಡಗಿದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು.

"ಬಸ್ಸಿಳಿದವರು ಬಾಡಿಗೆ ಎಷ್ಟು ಅಂತ ಕೇಳ್ಲಿಲ್ಲ. ಎರಡು ಹಾಸಿಗೆ ಇದ್ಯಾ ಅಂದ್ರು. ಇದೆ ಅಂದೆ. ಸಂಜೆ ಹೊರಗೆ ಹೋದೋರು ಒಬ್ಬ ಅಜ್ಜೀನ ಕರ್ಕೊಂಡು ಬಂದ್ರು. ಬಿಳೀ ಹಾಯ್ಕ್ ಹೊದ್ದಿದ್ಲು, ಹಳೇ ಕಾಲದೋರು ಹೊದೀತಾರಲ್ಲ, ಅಡಿಯಿಂದ ಮುಡಿವರೆಗೆ. ಒಂದು ಕಣ್ಣು ಮಾತ್ರ ಕಾಣ್ತಿತ್ತು. 'ನಮ್ಮಮ್ಮ,' ಅಂದ್ರು ನನಗೆ. ಲಲ್ಲಾ, ಆ ಮಾತನ್ನ ಅವರು ಅದೇ ಮೊದಲ ಸಲ ಹೇಳ್ತಿದ್ದಾರೆ ಅಂತ ನನಗೆ ಗೊತ್ತಾಗೋಯ್ತು."

"ಅಮ್ಮ?" ಬತೂಲ್ ಕೇಳಿದಳು.

"ಮೂರು ವಾರದ ಹಿಂದೆ ಅವರಿಗೆ ಅಂಚೆ ಬಂತಂತೆ. ನಿನ್ನಮ್ಮ ಬದುಕಿದಾಳೆ, ಹಬ್ಬದ ಮೊದಲ ದಿನ ಬಂದರಿನ ಹತ್ರ ಬಾ ಅಂತ. ಮಗಳಿಗೆ ಈಗಲೇ ಹೇಳಲ್ಲ, ಕೈ ಹಿಡಿದು ಮನೆಗೇ ಕರ್ಕೊಂಡು ಹೋಗಿ ತೋರಿಸ್ತೀನಿ ಅಂತಿದ್ರು. ಅವಳ ಬಟ್ಟೆಬರೆ ತುಂಬಿಕೊಳ್ಳೋಕೆ ಪೆಟ್ಟಿಗೆ ತಂದಿದ್ರು."

"ಏನು ಮಾತಾಡ್ತಿದ್ರು ಇಬ್ಬರೂ?" ಇಜ್ಜಾ ಕೇಳಿದಳು.

"ಮಾತೆಲ್ಲಿ? ಅವಳದು ಬರೀ ಪಿಸುಮಾತು, ಅದೂ ತಶೆಲ್ಹೀತಿನಲ್ಲಿ, ಆ ಗುಡ್ಡದ ಕಡೆಯೋರ ಭಾಷೇಲಿ. ಅವರಿಗೆ ಅದು ಬರಲ್ಲ. ನಾನು ಆಸ್ಫಿ ಕಡೆಯೋಳು, ನನಗೂ ಬರಲ್ಲ. ಸುಮ್ಮನೆ ಕೈ ಹಿಡ್ಕೊಂಡು ಕೂತಿರೋರು. ಒಂದು ಸಲ ಅವಳು ಕೈ ಚಾಚಿ ಅವರ ಬಲಗಿವಿ ಹಿಂದೆ ಬೆರಳಿಟ್ಟಳು, ಹುಡುಕೋ ಹಾಗೆ. ಅವರು ಮಗು ಥರ ಅತ್ತುಬಿಟ್ರು."

"ಅಲ್ಲಿ ಸುಟ್ಟ ಗಾಯ ಇದೆ," ಬತೂಲ್ ಹೇಳಿದಳು. "ಕೂದಲ ಒಳಗೆ. ಯಾರಿಗೂ ಕಾಣಲ್ಲ. ನನಗೂ ಅಮ್ಮನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲ."

"ನಿನ್ನೆ ಏನಾಯ್ತು?"

"ಬೆಳಗ್ಗೆ ಇಬ್ಬರಿಗೂ ಮ್ಸೆಮ್ಮೆನ್ ಸುಟ್ಟುಕೊಟ್ಟೆ. ಆ ರೊಟ್ಟೀನ ಚಹಾದಲ್ಲಿ ನೆನೆಸಿ ಅವಳಿಗೆ ತಿನ್ನಿಸಿದ್ರು. ಮಧ್ಯಾಹ್ನದ ನಮಾಜಾದ ಮೇಲೆ ಹೊರಟ್ರು. ಟ್ಯಾಕ್ಸಿ ಪೂರ್ತಿ ಗೊತ್ತು ಮಾಡಿದ್ರು, ಆರು ಸೀಟೂ. ಅಮ್ಮನಿಗೆ ಇಕ್ಕಟ್ಟಾಗಬಾರದು ಅಂತ. ಸ್ಮೀಮೂ ಕಡೆ ಯಾವುದೋ ಹಳ್ಳೀಲಿ ಅವಳ ಸಾಮಾನು ಇದೆ, ತಗೊಂಡು ಸಂಜೆಗೇ ವಾಪಸ್ ಅಂದ್ರು. ಅದಕ್ಕೇ ಔಷಧಿ ಬಿಟ್ಟು ಹೋದ್ರು. ಸಂಜೆ ಆಯ್ತು, ಬೆಳಗಾಯ್ತು. ಬರಲೇ ಇಲ್ಲ."

ಮಹ್ಜೂಬಾ ಸೆರಗಿನಂಥ ತನ್ನ ಶಾಲಿನ ಅಂಚಿನಲ್ಲಿ ಮೂಗು ಒರೆಸಿಕೊಂಡು, ಗೋಡೆಯ ಗೂಡಿನಿಂದ ಒಂದು ಲಕೋಟೆ ತೆಗೆದಳು. "ಇದು ದಿಂಬಿನ ಕೆಳಗಿತ್ತು. ಅಂಚೇಲಿ ಬಂದಿದ್ದು ಇದೇ."

ಬತೂಲ್ ಅದನ್ನು ಕಸಿದುಕೊಂಡಂತೆಯೇ ತೆಗೆದುಕೊಂಡಳು. ಒಳಗೆ ಒಂದು ಹಳೆಯ ಫೋಟೋ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಹದಿನಾರು ಹದಿನೇಳರ ಹುಡುಗಿ. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಕೂಸು. ಹುಡುಗಿ ಕ್ಯಾಮೆರಾವನ್ನು ನೋಡುತ್ತಿಲ್ಲ, ಕೂಸನ್ನು ನೋಡುತ್ತಿದ್ದಾಳೆ. ಹಿಂಬದಿಯಲ್ಲಿ ಮಾಸಿದ ಶಾಯಿಯಲ್ಲಿ 'ಅಬ್ದೆನ್ನಬಿ, ನಲವತ್ತು ದಿನ, ಖುರೀಬ್ಗಾ' ಎಂದು ಬರೆದಿತ್ತು.

"ಅಜ್ಜಿ," ಎಂದಳು ಬತೂಲ್. ಅಳುತ್ತಾ ನಗುತ್ತಾ ಫೋಟೋಗೆ ಮುತ್ತಿಟ್ಟಳು. "ನನಗೆ ಅಜ್ಜಿ ಇದಾಳೆ ಖಾಲ್ತಿ! ಮೂಗು ನೋಡಿ, ಥೇಟ್ ಅಪ್ಪಂದು. ದಾರೀಲಿ ಟ್ಯಾಕ್ಸಿ ಕೆಟ್ಟಿರತ್ತೆ, ಅಷ್ಟೇ. ನಾವೀಗ ಔಷಧಿ ತಗೊಂಡು ಹೋದ್ರೆ ಆಯ್ತು. ಅಲ್ವಾ?"

ಇಜ್ಜಾ ಕೈ ಚಾಚಿದಳು. ಫೋಟೋ ಕೈಗೆ ಬಂತು. ಎಡಮೂಲೆ ತ್ರಿಕೋನವಾಗಿ ಹರಿದಿತ್ತು. ಮೇಲ್ಗಡೆ ಗುಂಡುಪಿನ್ನಿನ ತುಕ್ಕಿನ ಗುರುತು.

ಅವಳು ಅದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

ಈ ಫೋಟೋವನ್ನು ಅವಳು ಹನ್ನೊಂದು ತಿಂಗಳ ಹಿಂದೆ ಕೈಯಲ್ಲಿ ಹಿಡಿದು ನೋಡಿದ್ದಳು. ನಿಲ್ದಾಣದ ಬೆಂಚಿನ ಮೇಲೆ ಕುಸಿದುಬಿದ್ದ ಹೆಸರಿಲ್ಲದ ಮುದುಕಿಯೊಬ್ಬಳ ಲಂಗದ ಅಂಚಿನಲ್ಲಿ ಹೊಲಿದಿಟ್ಟದ್ದು. ಆಗ ಅದರ ಬೆನ್ನಿಗೆ ದಪ್ಪ ರಟ್ಟು ಅಂಟಿತ್ತು, ಬರಹ ಯಾರಿಗೂ ಕಂಡಿರಲಿಲ್ಲ. ಮುದುಕಿ ಎರಡು ದಿನ ಆಸ್ಪತ್ರೆಯಲ್ಲಿ ಉಸಿರು ಹಿಡಿದಿದ್ದು ಮೂರನೆಯ ದಿನ ತೀರಿಕೊಂಡಳು. ಕೇಳಿಕೊಂಡು ಯಾರೂ ಬರಲಿಲ್ಲ. ಇಜ್ಜಾಳೇ ನಿಂತು ಮಣ್ಣು ಮಾಡಿಸಿದ್ದಳು.

ಬತೂಲಳ ಅಜ್ಜಿ ಊರಾಚೆಯ ಸ್ಮಶಾನದಲ್ಲಿದ್ದಾಳೆ. ಹಾಗಾದರೆ ಚಹಾದಲ್ಲಿ ನೆನೆಸಿದ ರೊಟ್ಟಿ ತಿಂದವಳು ಯಾರು?

ಆ ಎರಡು ದಿನ ಮುದುಕಿಯ ಪಕ್ಕದಲ್ಲಿ ಕೂತು, ಬಾಯಿಗೆ ನೀರು ಬಿಟ್ಟು, ಕೊನೆಗೆ ಹೆಣ ತೊಳೆದು ಬಟ್ಟೆ ಸುತ್ತಿದವಳು ಒಬ್ಬಳೇ. 'ಏನಾದ್ರೂ ಹೇಳಿದಳಾ?' ಎಂದು ಇಜ್ಜಾ ಕೇಳಿದಾಗ 'ಇಲ್ಲಮ್ಮ, ಏನೂ ಇಲ್ಲ' ಎಂದಿದ್ದವಳು. ಯಾರಾದರೂ ಬಂದರೆ ಕೊಡು ಎಂದು ಇಜ್ಜಾ ಈ ಫೋಟೋವನ್ನು ಅವಳ ಕೈಗೇ ಕೊಟ್ಟಿದ್ದಳು.

ಕೆಲ್ತೂಮಾ. ಇಜ್ಜಾಳಿಗಿಂತ ಹತ್ತೊಂಬತ್ತು ವರ್ಷ ದೊಡ್ಡವಳು. ತಾಯಿಯಿಲ್ಲದ ಇಜ್ಜಾಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದ, ತನ್ನದೊಂದು ಮಗು ಎಂದೂ ಆಗದ, ಸ್ವಂತ ಅಕ್ಕ. ಹಬ್ಬದ ಗದ್ದಲ ತಡೆಯೋಕಾಗಲ್ಲ, ಸ್ಮೀಮೂ ಕಡೆಯ ನಮ್ಮ ಹಳ್ಳಿಗೆ ಹೋಗಿ ಬರ್ತೀನಿ ಎಂದು ಬುಧವಾರ ಹೇಳಿದ್ದಳು.

"ಖಾಲ್ತಿ, ನಿಮಗೆ ಇವರು ಗೊತ್ತಾ?"

ಇಜ್ಜಾ ಅಂಗಳಕ್ಕೆ ಬಂದು ಫೋನು ತೆಗೆದಳು. ಅಕ್ಕನ ನಂಬರು ಒತ್ತಿದಳು. ಒಂದು ಸಲ ಹೋಗಿ ನಿಂತಿತು. ಎರಡನೆಯ ಸಲ ಬಹಳ ಹೊತ್ತು ಬಡಿದುಕೊಂಡಿತು.

ಯಾರೋ ಎತ್ತಿಕೊಂಡರು.

"ಅಕ್ಕಾ? ಎಲ್ಲಿದೀಯ? ನಾನು, ಇಜ್ಜಾ."

ಆ ಕಡೆ ಗಾಳಿಯ ಸದ್ದು. ಯಾರದೋ ಏದುಸಿರು. ಆಮೇಲೆ ಒಬ್ಬ ಗಂಡಸಿನ ದನಿ, ಅರಬಿಯಲ್ಲಿ, ನಾಲಿಗೆ ದಪ್ಪವಾದವನ ಹಾಗೆ ತೊದಲುತ್ತಾ.

"ಯಾರಾದ್ರೂ ಬನ್ನಿ," ಎಂದಿತು ಆ ದನಿ. "ನಮ್ಮಮ್ಮ ಏಳ್ತಾ ಇಲ್ಲ. ಬೆಳಗ್ಗೆಯಿಂದ ಕೂಗ್ತಾ ಇದೀನಿ."